‘ಅವರು’ ಅಂದರೆ ಯಾರು?

ಚನ್ನಪಟ್ಟಣದಲ್ಲಿ ನನ್ನ ತಂಗಿಯ ಮನೆ. ಭಾವ ಆಲೆ ಮರದ ಬೊಂಬೆ ಕಡೆಯುವ ಕೆಲಸದವರು. ಅಲ್ಲಿಗೆ ಹೋದಾಗಲೆಲ್ಲ ಎಂಟನೇ ತರಗತಿ ಓದುವ ತಂಗಿಯ ಮಗಳು ತನ್ನ ಇಂಗ್ಲಿಷ್ ಪುಸ್ತಕ ಹಿಡಿದು ನನ್ನ ಪಕ್ಕ ಬಂದು ಕೂರುತ್ತಾಳೆ. ಮೊನ್ನೆಯ ಪಾಠ ಸರ್ವನಾಮ. ಬಿಟ್ಟ ಸ್ಥಳಗಳನ್ನು ಸರಿಯಾದ ಸರ್ವನಾಮದಿಂದ ತುಂಬಬೇಕಿತ್ತು. ಅವಳು ಅರ್ಧಕ್ಕೇ ಪೆನ್ಸಿಲ್ ಕೆಳಗಿಟ್ಟು ಕೇಳಿದಳು: “ಮಾಮೂ, ಇಂಗ್ಲಿಷ್‌ನವರಿಗೆ ಒಂದೇ ‘ಯೂ’ ಸಾಕಾ? ಅಮ್ಮೀಗೂ ಅದೇ, ಬೆಕ್ಕಿಗೂ ಅದೇನಾ?”

ನಾನು ನಕ್ಕೆ. ಆದರೆ ಅವಳು ನಗಲಿಲ್ಲ, ಬೆರಳು ಮಡಚಿ ಲೆಕ್ಕ ಹಾಕಿದಳು. ಮನೆಯಲ್ಲಿ ನಾವಾಡುವ ದಖನಿಯಲ್ಲಿ ತೂ, ತುಮ್, ಆಪ್. ಹೊಸ್ತಿಲು ದಾಟಿದರೆ ಕನ್ನಡದಲ್ಲಿ ನೀನು, ನೀವು, ತಾವು. ಒಟ್ಟು ಆರು. ಅಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಹದಿಮೂರು ವರ್ಷದ ಹುಡುಗಿ ಆರು ಪದಗಳಲ್ಲಿ ಯಾರಿಗೆ ಯಾವುದು ಎಂದು ತಪ್ಪಿಲ್ಲದೆ ಆರಿಸಬಲ್ಲಳು. ಅವಳಿಗೆ ಅದನ್ನು ಯಾರೂ ಪಾಠ ಮಾಡಿಲ್ಲ. ಆ ಆಯ್ಕೆಯ ಹಿಂದೆ ಮನೆತನ, ವಯಸ್ಸು, ಗಂಡು-ಹೆಣ್ಣು, ಜಾತಿ, ದುಡ್ಡು ಎಲ್ಲವೂ ಇವೆ ಎಂಬುದನ್ನೂ ಯಾರೂ ಹೇಳಿಲ್ಲ.

ನಾನು ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಅಲ್ಲಿಂದ ಮುಂದೆ ಕನ್ನಡದಲ್ಲಿ ಓದಿದವನು. ಎರಡೂ ಕಡೆ ಸರ್ವನಾಮದ ಪಾಠ ಕೇಳಿದ್ದೇನೆ. ಕನ್ನಡ ಮೇಷ್ಟ್ರು ಉತ್ತಮ ಪುರುಷ, ಮಧ್ಯಮ ಪುರುಷ, ಅನ್ಯ ಪುರುಷ ಎಂದರು. ಕೇಳಲು ಪರೀಕ್ಷೆಯ ದರ್ಜೆಯಂತಿತ್ತು. ಇಂಗ್ಲಿಷ್ ವ್ಯಾಕರಣ ಒಂದು, ಎರಡು, ಮೂರು ಎಂದು ಎಣಿಸಿತು. ಉರ್ದು ಉಸ್ತಾದರು ಹೇಳಿದ್ದು ಬೇರೆ. ಸರ್ವನಾಮಕ್ಕೆ ಅಲ್ಲಿನ ಹೆಸರು ಜಮೀರ್. ಮಾತನಾಡುವವನು ಮುತಕಲ್ಲಿಮ್, ಎದುರಿಗಿರುವವನು ಹಾಜಿರ್, ಮೂರನೆಯವನು ಗಾಯಿಬ್, ಅಂದರೆ ಹಾಜರಿಲ್ಲದವನು. ನಾವು ಕನ್ನಡದಲ್ಲೂ ‘ಗಾಯಬ್ ಆದ’ ಎನ್ನುತ್ತೇವಲ್ಲ, ಅದೇ ಪದ. ಜಮೀರ್ ಎಂಬ ಅರಬಿ ಪದಕ್ಕೆ ಒಳಗೆ ಅಡಗಿದ್ದು ಎಂಬ ಅರ್ಥವಿದೆ. ಅದೇ ಪದಕ್ಕೆ ಆತ್ಮಸಾಕ್ಷಿ ಎಂಬ ಅರ್ಥವೂ ಇದೆ. ಆಗ ಇದು ಬರೀ ಬಾಯಿಪಾಠವಾಗಿತ್ತು. ಕತೆ ಬರೆಯಲು ತೊಡಗಿದ ಮೇಲೆ ವ್ಯಾಕರಣದ ಆ ಪದ ನನ್ನನ್ನು ಬೆನ್ನು ಹತ್ತಿದೆ. ಏಕೆಂದರೆ ಕತೆಗಾರ ತನ್ನ ಪಾತ್ರಕ್ಕೆ ಕೊಡುವ ಸರ್ವನಾಮದಲ್ಲೇ ಅವನ ಆತ್ಮಸಾಕ್ಷಿ ಎಷ್ಟಿದೆ ಎಂಬುದು ಗೊತ್ತಾಗಿಬಿಡುತ್ತದೆ.

ಇಂಗ್ಲಿಷಿಗೂ ಹಿಂದೆ ಎರಡು ಪದಗಳಿದ್ದವು. ಸಲಿಗೆಗೆ, ಕೆಳಗಿನವರಿಗೆ ‘ದೌ’; ಗೌರವಕ್ಕೆ, ಬಹುವಚನಕ್ಕೆ ‘ಯೂ’. 17ನೇ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶನನ್ನೂ ಜಮೀನುದಾರನನ್ನೂ ‘ದೌ’ ಎಂದೇ ಕರೆದು ಏಟು ತಿಂದರು, ಜೈಲಿಗೂ ಹೋದರು. ಆದರೆ ಸಾಮಾನ್ಯ ಜನರ ಬಾಯಲ್ಲಿ ಉಳಿದದ್ದು ‘ಯೂ’. ಅಂದರೆ ಇಂಗ್ಲಿಷ್ ಎಲ್ಲರನ್ನೂ ಏಕವಚನಕ್ಕೆ ಇಳಿಸಿ ಸಮಾನ ಮಾಡಲಿಲ್ಲ, ಎಲ್ಲರನ್ನೂ ಬಹುವಚನಕ್ಕೆ ಏರಿಸಿ ಮಾಡಿತು. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು ಯುರೋಪಿನ ಭಾಷೆಗಳ ಈ ಜೋಡಿ ಸರ್ವನಾಮಗಳ ಮೇಲೆ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಅವರ ಪ್ರಕಾರ ಇಲ್ಲಿ ಎರಡು ಶಕ್ತಿಗಳು ಕೆಲಸ ಮಾಡುತ್ತವೆ: ಅಧಿಕಾರ ಮತ್ತು ಆತ್ಮೀಯತೆ. ಇಬ್ಬರೂ ಪರಸ್ಪರ ಒಂದೇ ಪದ ಬಳಸಿದರೆ ಆತ್ಮೀಯತೆ, ಒಬ್ಬರು ಒಂದು ಕೊಟ್ಟು ಇನ್ನೊಂದು ಪಡೆದರೆ ಅಧಿಕಾರ.

ಈ ಅಳತೆಗೋಲನ್ನು ಹಿಡಿದು ನಮ್ಮ ಮನೆಗಳ ಒಳಗೆ ಬರೋಣ. ಹೆಂಡತಿ ಗಂಡನಿಗೆ ‘ನೀವು’ ಎನ್ನುತ್ತಾಳೆ, ‘ರೀ’ ಎನ್ನುತ್ತಾಳೆ. ಗಂಡ ಹೆಂಡತಿಗೆ ‘ನೀನು’ ಎನ್ನುತ್ತಾನೆ. ಈ ವಿಷಯದಲ್ಲಿ ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದ ನನಗೆ ಹೆಚ್ಚು ಕಂಡಿಲ್ಲ. ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಕನ್ನಡದ ಕೃತಿಯೊಂದಕ್ಕೆ, ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಸಂಭ್ರಮ ಮುಗಿದ ಮೇಲೆ ನಾನು ಕನ್ನಡವನ್ನೂ ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಲು ಕೂತೆ. ಭಾಸ್ತಿಯವರು ಉರ್ದು, ಅರಬಿ, ಕನ್ನಡ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿಯ ಊರುಗೋಲನ್ನೂ ಕೊಟ್ಟಿಲ್ಲ. ನಮ್ಮ ಪದಗಳು ತಲೆಯೆತ್ತಿ ನಿಂತಿವೆ. ಇದು ದೊಡ್ಡ ಗುಣ.

ಆದರೆ ಯಾವ ಅನುವಾದಕರ ಕೈಯಲ್ಲೂ ಇಲ್ಲದ ಒಂದು ನಷ್ಟವಿದೆ. ಇಂಗ್ಲಿಷಿನಲ್ಲಿ ಗಂಡನೂ ‘ಯೂ’, ಹೆಂಡತಿಯೂ ‘ಯೂ’. ಕನ್ನಡದಲ್ಲಿ ಪ್ರತಿ ಸಂಭಾಷಣೆಯಲ್ಲೂ ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ಮಾತನಾಡುವುದು ನಮ್ಮ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಇಬ್ಬರೂ ಒಂದೇ ಮಟ್ಟದ ನೆಲದ ಮೇಲೆ ನಿಂತು ಜಗಳವಾಡುವಂತೆ ಕೇಳುತ್ತದೆ. ಲಂಡನ್ನಿನ ಓದುಗನಿಗೆ ನಮ್ಮ ಮನೆ ಇರುವುದಕ್ಕಿಂತ ಸ್ವಲ್ಪ ಹೆಚ್ಚು ಸಮಾನವಾಗಿ ಕಾಣುತ್ತದೆ. ಹಾಗೆಂದು ಇಂಗ್ಲಿಷನ್ನು ದೂಷಿಸಬೇಕಾಗಿಲ್ಲ. ನಮ್ಮ ಕಿವಿ ಆ ಮೆಟ್ಟಿಲಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಅಲ್ಲಿತ್ತು ಎಂಬುದೇ ನನಗೆ ತಿಳಿದದ್ದು ಅದಿಲ್ಲದ ಭಾಷೆಯಲ್ಲಿ ಓದಿದಾಗ.

ಬಾನು ಅವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಸಂಕಲನದ ಮೊದಲ ಕತೆ ಶಾಯಿಸ್ತಾ ಮಹಲಿನ ಕಲ್ಲುಚಪ್ಪಡಿಯದು. ಅದನ್ನು ಹೇಳುವ ಜೀನತ್ ಕತೆಯ ಆರಂಭದಲ್ಲೇ ತನ್ನ ಗಂಡ ಮುಜಾಹಿದ್‌ನನ್ನು ಏನೆಂದು ಪರಿಚಯಿಸುವುದು ಎಂಬ ಗೊಂದಲಕ್ಕೆ ಬೀಳುತ್ತಾಳೆ. ಮನೆಯವರು ಎನ್ನೋಣವೆಂದರೆ ಮನೆಯಲ್ಲಿರುವವಳು ತಾನು, ಅವನಲ್ಲ. ಯಜಮಾನ ಎಂದರೆ ತಾನು ಆಳಾಗಬೇಕಾಗುತ್ತದೆ. ಒಂದೊಂದು ಪದವನ್ನೂ ತಕ್ಕಡಿಗೆ ಹಾಕಿ ತೂಗಿ ಇಳಿಸುತ್ತಾಳೆ. ಓದುಗ ನಗುತ್ತಾನೆ. ಆ ನಗು ಮುಗಿಯುವ ಹೊತ್ತಿಗೆ ಕತೆ ಇನ್ನೊಂದು ಮನೆಗೆ ಹೋಗಿರುತ್ತದೆ. ಅಲ್ಲಿ ಹೆಂಡತಿಗೆ ಮಹಲು ಕಟ್ಟಿಸುತ್ತೇನೆಂದು ಬಾಯ್ತುಂಬ ಹೇಳುತ್ತಿದ್ದ ಗಂಡ, ಅವಳು ತೀರಿಕೊಂಡ ಸ್ವಲ್ಪ ದಿನಕ್ಕೇ ಮತ್ತೊಂದು ಮದುವೆಯಾಗುತ್ತಾನೆ. ಮೊದಲ ಪುಟದ ಪದಗಳ ತಕರಾರಿಗೂ ಕೊನೆಯ ಪುಟದ ಕ್ರೌರ್ಯಕ್ಕೂ ಸಂಬಂಧವಿದೆ. ಯಜಮಾನ ಎಂದು ಒಪ್ಪಿಕೊಂಡ ಮೇಲೆ ಆಳನ್ನು ಬದಲಾಯಿಸುವುದು ಯಜಮಾನನ ಹಕ್ಕಾಗಿಬಿಡುತ್ತದೆ. ಅದೇ ಸಂಕಲನದ ಕೊನೆಯ ಕತೆಯ ಹೆಸರು ‘ಒಮ್ಮೆ ಹೆಣ್ಣಾಗು ಪ್ರಭುವೇ’. ಗಂಡನಿಗೆ ‘ನೀವು’ ಎನ್ನಬೇಕಾದ ಹೆಣ್ಣು ದೇವರನ್ನು ‘ಆಗು’ ಎಂದು ಏಕವಚನದಲ್ಲಿ ಕೇಳುತ್ತಾಳೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ‘ಆಗು’ ಮತ್ತು ‘ಆಗಿ’ ಎರಡೂ ಒಂದೇ. ಅವಳು ಯಾರ ಬಳಿ ಸಲಿಗೆಯಿಂದ ಮಾತನಾಡಬಲ್ಲಳು, ಯಾರ ಬಳಿ ಅಲ್ಲ ಎಂಬ ವ್ಯಂಗ್ಯ ಕನ್ನಡದ ಆ ಒಂದು ಸ್ವರದಲ್ಲಿದೆ.

ದೇವರಿಗೆ ಏಕವಚನ ನಮಗೆ ಹೊಸದಲ್ಲ. ವಚನಕಾರರೂ ದಾಸರೂ ದೇವರನ್ನು ‘ನೀನು’ ಎಂದೇ ಕರೆದರು. ಉರ್ದುವಿನಲ್ಲಿ ಅಲ್ಲಾಹನಿಗೆ ‘ತೂ’, ಪ್ರವಾದಿಯವರಿಗೆ ‘ಆಪ್’. ನಮ್ಮ ಕನ್ನಡದಲ್ಲೂ ಅಲ್ಲಾಹನು ‘ಅವನು’, ಪ್ರವಾದಿಯವರು ‘ಅವರು’. ಬೊಳುವಾರು ಮಹಮದ್ ಕುಂಞಿ ಅವರು ಪ್ರವಾದಿಯವರ ಬದುಕನ್ನು ಆಧರಿಸಿ ಬರೆದ ಕಾದಂಬರಿಗೆ ‘ಓದಿರಿ’ ಎಂದು ಹೆಸರಿಟ್ಟರು. ‘ಇಕ್ರಾ’ ಎಂಬ ಅರಬಿ ಆಜ್ಞೆ ಒಬ್ಬನನ್ನು ಕುರಿತದ್ದು, ಏಕವಚನ. ಶಬ್ದಕ್ಕೆ ಶಬ್ದ ಇಟ್ಟರೆ ‘ಓದು’ ಎಂದಾಗಬೇಕು. ‘ರಿ’ ಎಂಬ ಒಂದೇ ಅಕ್ಷರದಿಂದ ಕಾದಂಬರಿಕಾರರು ಎರಡು ಕೆಲಸ ಮಾಡಿದ್ದಾರೆ. ಒಂದು, ಕನ್ನಡದ ಗೌರವದ ರೂಢಿ ಉಳಿಯಿತು. ಎರಡು, ಒಬ್ಬರಿಗೆ ಬಂದ ಕರೆ ಪುಸ್ತಕ ಹಿಡಿದ ಎಲ್ಲರಿಗೂ ಬಂದ ಕರೆಯಾಯಿತು. ವ್ಯಾಕರಣದ ತಪ್ಪು ಹುಡುಕುವವರು ಇಲ್ಲಿ ಸ್ವಲ್ಪ ತಡೆಯಬೇಕು.

ಇನ್ನೂ ಒಂದು ಸೋಜಿಗ. ಕನ್ನಡದ ‘ತಾವು’ ಮೂಲದಲ್ಲಿ ‘ತಾನು’ ಎಂಬ ಆತ್ಮಾರ್ಥಕ ಸರ್ವನಾಮದ ಬಹುವಚನ. ಉರ್ದುವಿನ ‘ಆಪ್’ ಕೂಡ ಸಂಸ್ಕೃತದ ‘ಆತ್ಮನ್’ ಪದದಿಂದ ಬಂದದ್ದು. ‘ಅಪ್ನಾ’ ಅದರ ನೆಂಟ. ಬೇರೆ ಬೇರೆ ಕುಲದ ಎರಡು ಭಾಷೆಗಳು ಎದುರಿಗಿರುವವರಿಗೆ ಅತಿ ಹೆಚ್ಚಿನ ಗೌರವ ಕೊಡಬೇಕಾದಾಗ ‘ಆತ್ಮ’, ‘ತನ್ನತನ’ ಎಂಬ ಅರ್ಥದ ಪದವನ್ನೇ ಎತ್ತಿಕೊಟ್ಟಿವೆ. ನನ್ನೊಳಗೆ ಒಂದು ‘ತಾನು’ ಇರುವಂತೆ ನಿಮ್ಮೊಳಗೂ ಇದೆ ಎಂಬುದನ್ನು ಒಪ್ಪಿಕೊಳ್ಳುವುದೇ ಗೌರವ ಎಂದು ನಾನು ಇದನ್ನು ಓದಿಕೊಂಡಿದ್ದೇನೆ. ಭಾಷಾಶಾಸ್ತ್ರಿಗಳು ಇಷ್ಟು ದೂರ ಬರಲಿಕ್ಕಿಲ್ಲ.

ಭಾಷಾಶಾಸ್ತ್ರಿಗಳ ಮಾತು ಬಂತು. ಸರ್ವನಾಮಗಳ ಬಗ್ಗೆ ಜಗತ್ತೇ ಗಮನಿಸಿದ ಒಂದು ಪುಸ್ತಕ ಬರೆದವರು ನಮ್ಮವರೇ ಆದ ಡಿ.ಎನ್. ಶಂಕರ ಬಟ್. 2004ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಆ ಇಂಗ್ಲಿಷ್ ಪುಸ್ತಕದಲ್ಲಿ ನೂರಾರು ಭಾಷೆಗಳ ಸರ್ವನಾಮಗಳಿವೆ.  ನಾನು, ನೀನು ಎಂಬವು ಒಂದು ಜಾತಿ, ಉಳಿದ ಸರ್ವನಾಮಗಳೆಲ್ಲ ಇನ್ನೊಂದು ಜಾತಿ ಎಂಬುದು ಅವರ ವಾದ. ನಾನು, ನೀನು ಎನ್ನುವವು ಮಾತಿನಲ್ಲಿ ಪಾಲ್ಗೊಂಡವರ ಪಾತ್ರವನ್ನು ಹೇಳುತ್ತವೆ. ಕನ್ನಡದಂಥ ಭಾಷೆಗಳಲ್ಲಿ ಮೂರನೆಯವರಿಗೆ ಪ್ರತ್ಯೇಕ ಪದವೇ ಇಲ್ಲ. ಅವನು-ಇವನು, ಅವಳು-ಇವಳು, ಅವರು-ಇವರು ಎಲ್ಲವೂ ತೋರಿಸುವ ಪದಗಳು. ‘ಇ’ ಹತ್ತಿರಕ್ಕೆ, ‘ಅ’ ದೂರಕ್ಕೆ. ಇಂಗ್ಲಿಷಿನ ‘ಹೀ’ ಎಂಬ ಪದದಲ್ಲಿ ಹತ್ತಿರ-ದೂರ ಇಲ್ಲ. ಅಂದರೆ ಕನ್ನಡದಲ್ಲಿ ‘ಅವರು’ ಎನ್ನುವುದು ಬೆರಳೆತ್ತಿ ದೂರಕ್ಕೆ ತೋರಿಸುವುದು. ಉರ್ದು ಉಸ್ತಾದರ ಗಾಯಿಬ್ ಮತ್ತು ಶಂಕರ ಬಟ್ಟರ ತೋರುಬೆರಳು ನನ್ನ ತಲೆಯಲ್ಲಿ ಒಟ್ಟಿಗೆ ಸೇರಿಕೊಂಡದ್ದು ಇಲ್ಲಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಫೋನಿನಲ್ಲಿ ಮನೆಯ ಮಾಲೀಕರು ಬಹಳ ವಿಶ್ವಾಸದಿಂದ ಮಾತನಾಡಿದರು. ನೀವು ಎಲ್ಲಿಯವರು, ರಾಮನಗರವಾ, ನಿಮ್ಮ ಕನ್ನಡ ಚೆನ್ನಾಗಿದೆ, ಬನ್ನಿ ನೋಡಿ ಎಂದರು. ಕೊನೆಗೆ ಹೆಸರು ಕೇಳಿದರು, ಹೇಳಿದೆ. ಫೋನು ಕೆಳಗಿಡದೆ ಪಕ್ಕದಲ್ಲಿದ್ದವರಿಗೆ ಅವರು ಮೆಲ್ಲಗೆ ಹೇಳಿದ್ದು ಒಂದೇ ಪದ: “ಅವರಂತೆ.” ಎರಡು ನಿಮಿಷ ನಾನು ‘ನೀವು’ ಆಗಿದ್ದೆ. ಒಂದು ಕ್ಷಣದಲ್ಲಿ ‘ಅವರು’ ಆದೆ. ವ್ಯಾಕರಣದ ಪ್ರಕಾರ ಎರಡೂ ಗೌರವದ ರೂಪಗಳೇ. ದೂರು ಕೊಡೋಣವೆಂದರೆ ಬೈಗುಳವಿಲ್ಲ, ಏಕವಚನವೂ ಇಲ್ಲ. ಗೌರವಕ್ಕೂ ‘ಅವರು’, ಹೊರಗಿನವರಿಗೂ ‘ಅವರು’. ಒಂದೇ ಪದದ ಎರಡು ಛಾಯೆಗಳ ನಡುವಿನ ಅಂತರ ಎಷ್ಟೆಂದು ನನಗೆ ಯಾವ ನಿಘಂಟೂ ತಿಳಿಸಿರಲಿಲ್ಲ, ಆ ಫೋನು ತಿಳಿಸಿತು.

ಪದಗಳು ಹೀಗೆ ಮೆಟ್ಟಿಲು ಇಳಿಯುತ್ತವೆ. ‘ಸಾಹಿಬ್’ ಅರಬಿಯಲ್ಲಿ ಸಂಗಾತಿ, ಒಡೆಯ. ಕನ್ನಡಕ್ಕೆ ಬಂದು ಸಾಹೇಬರು ಆಯಿತು, ಅದು ಸವೆದು ಸಾಬರು, ಇನ್ನೂ ಸವೆದು ಸಾಬಿ. ಕೊನೆಯ ಮೆಟ್ಟಿಲು ಬೈಗುಳ. ಆದರೆ ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಕನಕಪುರ, ಮಾಗಡಿ ಕಡೆಯ ರೈತರು ಗೂಡು ತಂದು ಸುರಿಯುವಾಗ ಅವರ ಬಾಯಲ್ಲಿ ‘ನಮ್ ಸಾಬ್ರು’ ಎಂಬ ಮಾತು ಬರುತ್ತದೆ. ಗೂಡು ಬೆಳೆಯುವವರು ಹೆಚ್ಚಾಗಿ ಗೌಡರ ಮನೆಗಳವರು, ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಹರಾಜು ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೂ ಗೂಡಿಗೆ ಕೈಯಿಟ್ಟು ನೋಡುವಾಗ ಮಾತು ಬಂದೇ ಬರುತ್ತದೆ. ‘ನಮ್’ ಎಂಬ ಒಂದು ಸಂಬಂಧದ ಪದ ಮುಂದೆ ಬಂದರೆ ಸಾಬ್ರು ಎಂಬುದು ಚುಚ್ಚುವುದಿಲ್ಲ. ಅದಿಲ್ಲದೆ ಅದೇ ಪದ ವೇದಿಕೆಯ ಮೇಲಿಂದ ಬಂದರೆ ಎದೆ ಝಲ್ಲೆನ್ನುತ್ತದೆ. ಹಾಗೆಯೇ ಈ ಕಡೆಯ ಹಳ್ಳಿಗಳಲ್ಲಿ ‘ಅವನು’ ಮತ್ತು ‘ಅವರು’ ನಡುವೆ ಅವಯ್ಯ, ಆಯಪ್ಪ, ಅವಮ್ಮ, ಆಯಮ್ಮ ಎಂಬ ಹದವಾದ ಪದಗಳಿವೆ. ಮಗುವಿಗೆ, ಮುಗ್ಧರಿಗೆ ‘ಪಾಪ, ಅದಕ್ಕೇನು ಗೊತ್ತು’ ಎನ್ನುತ್ತಾರೆ. ಈ ‘ಅದು’ ಕರುಣೆ; ಇಂಗ್ಲಿಷಿನ ‘ಇಟ್’ ಅಲ್ಲ.

ಇನ್ನು ನಮ್ಮ ನಾಟಕ, ಸಿನಿಮಾಗಳ ಮುಸ್ಲಿಂ ಪಾತ್ರದ ಮಾತು ನೋಡಿ. ಗಡ್ಡ, ಟೋಪಿ, ಲುಂಗಿಯ ಜೊತೆಗೆ ಅವನಿಗೊಂದು ಖಾಯಂ ಸರ್ವನಾಮ ಅಂಟಿಸಿದ್ದಾರೆ: ‘ನಮ್ದುಕೆ’, ‘ನಿಮ್ದುಕೆ’. ಅವನು ‘ನಾನು ಹೋಗ್ತಾನೆ’ ಎನ್ನಬೇಕು, ಸಭಿಕರು ನಗಬೇಕು. ದಖನಿ ಮನೆಮಾತಿನವರು ಕನ್ನಡದಲ್ಲಿ ತಪ್ಪುವುದುಂಟು, ನಾನೂ ತಪ್ಪಿದ್ದೇನೆ. ಅದಕ್ಕೆ ಕಾರಣ ಪೆದ್ದುತನವಲ್ಲ. ಉರ್ದುವಿನ ‘ವೋ’ ಎಂಬುದರಲ್ಲಿ ಗಂಡು-ಹೆಣ್ಣು ಇಲ್ಲ, ಲಿಂಗ ಕಾಣುವುದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ಸರ್ವನಾಮ, ಕ್ರಿಯಾಪದ ಎರಡರಲ್ಲೂ ಹೊಂದಿಸಬೇಕು. ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ದಾಟುವವನ ಎಡವು ಅದು. ಕನ್ನಡಿಗರು ಹಿಂದಿ ಮಾತನಾಡುವಾಗಲೂ ಇದೇ ಎಡವು ಕಾಣುತ್ತದೆ, ಅದನ್ನು ಯಾರೂ ಒಂದು ಸಮುದಾಯದ ಗುರುತು ಮಾಡಿಲ್ಲ. ‘ನಾನು’ ಎಂದು ಸರಿಯಾಗಿ ಹೇಳಲು ಬಾರದವನನ್ನು ವೇದಿಕೆಯ ಮೇಲೆ ನಿಲ್ಲಿಸಿದ ಮೇಲೆ ಅವನ ‘ನಾನು’ವಿನ ಕತೆ ಕೇಳುವ ಗೋಜು ಯಾರಿಗೂ ಇರುವುದಿಲ್ಲ.

ಗಾಯಿಬ್ ಆಗಿದ್ದವರು ಮುತಕಲ್ಲಿಮ್ ಆದದ್ದನ್ನು ಕಳೆದ ಐವತ್ತು ವರ್ಷಗಳ ಕನ್ನಡ ಸಾಹಿತ್ಯದಲ್ಲಿ ನೋಡಬಹುದು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಯ ಹೆಸರೇ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’. ಆ ಶೀರ್ಷಿಕೆಯಲ್ಲಿ ‘ನೀವು’ ಎರಡು ಸಲ ಇದೆ, ‘ನಾನು’ ಒಂದು ಸಲವೂ ಇಲ್ಲ. ಅರಬಿ ವ್ಯಾಕರಣದಲ್ಲಿ ಕ್ರಿಯಾಪದದೊಳಗೆ ಅಡಗಿ ಕೂತ ಸರ್ವನಾಮವನ್ನು ಜಮೀರ್ ಮುಸ್ತತಿರ್ ಎನ್ನುತ್ತಾರೆ. ನಿಸಾರರ ‘ನಾನು’ ಹಾಗೆ ಅಡಗಿದೆ. ನಂತರ ಫಕೀರ್ ಮುಹಮ್ಮದ್ ಕಟ್ಪಾಡಿ, ಬೊಳುವಾರು, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬಂದರು. ಕಾಸರಗೋಡಿನ ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂದಾಗ ಕನ್ನಡದ ಓದುಗರು ಮುಸ್ಲಿಂ ಹೆಣ್ಣೊಬ್ಬಳನ್ನು ‘ಅವರ ಪೈಕಿ ಒಬ್ಬಳು’ ಎಂದಲ್ಲ, ನಾದಿರಾ ಎಂಬ ಹೆಸರಿನಿಂದ ನೆನಪಿಟ್ಟುಕೊಂಡರು. ಹೊರಗಿನವರಿಗೆ ಇದು ಪರಿಚಯ. ಒಳಗಿನ ಕೆಲವರಿಗೆ ‘ನಮ್ಮ’ ಮಾತನ್ನು ‘ಅವರ’ ಮುಂದೆ ಆಡಿದ ಅಪರಾಧ. ಎರಡು ಕಡೆಯ ‘ಅವರು’ಗಳ ನಡುವೆ ಈ ಲೇಖಕಿಯರು ತಮ್ಮ ‘ನಾನು’ವನ್ನು ಉಳಿಸಿಕೊಳ್ಳಬೇಕಾಯಿತು.

ಬೂಕರ್ ಬಂದ ವರ್ಷವೇ ಬಾನು ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಆಹ್ವಾನಿಸಿತು. ‘ನಮ್ಮ ಹಬ್ಬಕ್ಕೆ ಅವರೇಕೆ’ ಎಂಬ ತಕರಾರು ಎದ್ದಿತು. 2017ರಲ್ಲಿ ನಿಸಾರ್ ಅಹಮದ್ ಅದೇ ದಸರೆಯನ್ನು ಉದ್ಘಾಟಿಸಿದ್ದರು. ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್ ಆಕ್ಷೇಪವನ್ನು ತಳ್ಳಿಹಾಕಿದವು, 2025ರ ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. ಅಷ್ಟು ದೊಡ್ಡ ಗಲಾಟೆಯನ್ನು ಭಟ್ಟಿ ಇಳಿಸಿದರೆ ಉಳಿಯುವುದು ಎರಡು ಸರ್ವನಾಮ. ‘ನಮ್ಮ’ ಎಂಬುದರೊಳಗೆ ಯಾರಿದ್ದಾರೆ, ಯಾರಿಲ್ಲ?

ಈ ಪ್ರಶ್ನೆಯನ್ನು ಬೇರೆಯವರಿಗಷ್ಟೇ ಕೇಳಿ ಲೇಖನ ಮುಗಿಸುವುದು ಸುಲಭ. ಆದರೆ ಜಮೀರ್ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು ನಾನೇ ಹೇಳಿದ್ದೇನೆ. ಇದನ್ನು ಬರೆಯುವ ಮುನ್ನ ನನ್ನ ಹಳೆಯ ಕತೆಗಳನ್ನು ತೆಗೆದು ನೋಡಿದೆ. ಮೌಲವಿ ಸಾಹೇಬರು ಬಂದರೆ ‘ಅವರು’. ರೀಲಿಂಗ್ ಯೂನಿಟ್ಟಿನ ಮಾಲೀಕ ಬಂದರೆ ‘ಅವರು’. ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಕೈ ಅದ್ದಿ, ಬೆರಳ ಸಂದು ಬೆಳ್ಳಗೆ ಸೀಳಿಹೋದ ಅರವತ್ತು ವರ್ಷದ ಹೆಂಗಸು ಬಂದರೆ ‘ಅವಳು’. ನಾನು ಆಕೆಯ ಪರವಾಗಿಯೇ ಕತೆ ಬರೆದಿದ್ದೆ. ನನ್ನ ಅಂತಃಕರಣವೆಲ್ಲ ಆಕೆಯ ಕಡೆಗಿತ್ತು, ನನ್ನ ಸರ್ವನಾಮ ಮಾತ್ರ ಮಾಲೀಕನ ಕಡೆಗಿತ್ತು. ಕತೆ ಓದಿದ ಯಾರೂ ಇದನ್ನು ಎತ್ತಿ ತೋರಿಸಲಿಲ್ಲ. ಅವರ ಕಿವಿಯೂ ನನ್ನ ಕಿವಿಯೂ ಒಂದೇ ಊರಿನವು. ಇಂಗ್ಲಿಷಿನವರು ಒಬ್ಬ ವ್ಯಕ್ತಿಗೂ ‘ದೇ’ ಎನ್ನುವುದನ್ನು ಹೊಸ ಎಚ್ಚರದಿಂದ ಬಳಸತೊಡಗಿದ್ದಾರೆ. 2019ರಲ್ಲಿ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟು ಅದನ್ನೇ ವರ್ಷದ ಪದವೆಂದು ಆರಿಸಿತು. ಗಂಡೋ ಹೆಣ್ಣೋ ಎಂದು ಕೇಳದೆ ಒಬ್ಬರಿಗೆ ಮರ್ಯಾದೆ ಕೊಡಬಲ್ಲ ‘ಅವರು’ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದನ್ನು ಯಾರಿಗೆ ಖರ್ಚು ಮಾಡುತ್ತೇವೆ ಎಂಬುದರಲ್ಲೇ ನಮ್ಮ ಜಿಪುಣತನ.

ತೆಲುಗಿನವರಿಗೆ ‘ಮನಂ’ ಮತ್ತು ‘ಮೇಮು’ ಎಂದು ಎರಡು ‘ನಾವು’ಗಳಿವೆ. ಮೊದಲನೆಯದರಲ್ಲಿ ಕೇಳುವವರೂ ಸೇರಿದ್ದಾರೆ, ಎರಡನೆಯದರಲ್ಲಿ ಇಲ್ಲ. ತಮಿಳಿನಲ್ಲೂ ಈ ಭೇದವಿದೆ. ನಮ್ಮ ದಖನಿಯ ‘ಅಪನ್’ ಕೂಡ ನೀವೂ ನಾವೂ ಸೇರಿದ ‘ನಾವು’. ಇಂದಿನ ಕನ್ನಡದಲ್ಲಿ ಇರುವುದು ಒಂದೇ ‘ನಾವು’. ಅದರ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ. ಅದನ್ನು ಆಡುವವರೇ ತೀರ್ಮಾನಿಸಬೇಕು.

ನಮ್ಮ ಊರು ಹಲವು ಹೆಸರು ಕಂಡಿದೆ. ಕ್ಲೋಸ್‌ಪೇಟೆ ಆಗಿತ್ತು, ರಾಮನಗರವಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ಆದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ನಾಮಗಳನ್ನು ಸರ್ಕಾರಗಳು ಬದಲಿಸುತ್ತವೆ. ಸರ್ವನಾಮಗಳನ್ನು ಬದಲಿಸುವ ಅಧಿಕಾರ ನಮ್ಮ ನಿಮ್ಮ ಬಾಯಲ್ಲಿದೆ.

ತಂಗಿಯ ಮಗಳು ಬಿಟ್ಟ ಸ್ಥಳಗಳನ್ನೆಲ್ಲ ತುಂಬಿ ಪುಸ್ತಕ ಮುಚ್ಚಿದಳು. ಬೊಂಬೆ ಕೆಲಸಕ್ಕೆ ಬರುವ ವಯಸ್ಸಾದ ಹೆಂಗಸೊಬ್ಬರು ಅಂಗಳದಲ್ಲಿ ಮರದ ಚೂರು ಗುಡಿಸುತ್ತಿದ್ದರು. “ಚಾ ಕುಡೀತೀಯಾ?” ಎಂದು ಕೇಳಲು ಬಾಯಿ ತೆರೆದ ಹುಡುಗಿ ಅರೆಕ್ಷಣ ನಿಂತು ನನ್ನ ಮುಖ ನೋಡಿದಳು. ಆಮೇಲೆ ಅವರತ್ತ ತಿರುಗಿ, “ಚಾ ಕುಡೀತೀರಾ?” ಎಂದಳು.